ಗೋಲು ಹೊಡೆಯುವವನು ಹಿಂದಕ್ಕೆ ಓಡಿದ್ದು

ಈಸ್ಟ್ ಬ್ರನ್ಸ್‌ವಿಕ್‌ನಲ್ಲಿರುವ ನಮ್ಮ ಪರಿಚಯದವರ ಮಗಳು ನೇಹಾಗೆ ಐಸ್ ಹಾಕಿ ತಂಡವೊಂದರಲ್ಲಿ ಕೆಲಸ ಸಿಕ್ಕಿದೆ. ಆಟದ ವಿಡಿಯೊ ಮತ್ತು ಅಂಕಿಅಂಶ ನೋಡಿಕೊಳ್ಳುವ ಕೆಲಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿ ಬಿಟ್ಟಿದ್ದು ಅದನ್ನೇ. ಹೋಗುವ ಮೊದಲು ಏನು ಓದಿಕೊಳ್ಳಲಿ ಆಂಟಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಓದಿಸುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಮಾಡಿದ ತಪ್ಪುಗಳಿದ್ದವು. ಹಾಗಾದರೆ ಅವನ್ನೇ ಬರೆದುಕೊಡಿ ಅಂದಳು. ನನಗೆ ಕನ್ನಡದಲ್ಲಿ ಬರೆಯುವುದು ಸಲೀಸು. ಅವಳಮ್ಮ ಓದಿ ಹೇಳುತ್ತಾಳೆ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಕ್ಲಬ್ಬಿನ ಹೆಸರನ್ನೂ ಬರೆಯುವುದಿಲ್ಲ. ಅದು ಮಾರಾಟವಾಗಿ, ಹೆಸರು ಬದಲಾಗಿ, ಈಗ ಬೇರೆ ಊರಿನಲ್ಲಿದೆ.

ನಾನು ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್‌ಸಿ. ಮಾಡಿದವಳು. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಹೆದರಿದ್ದ ವೈಟುಕೆ ಕಾಲದಲ್ಲಿ ನನ್ನ ಗಂಡ ರಾಘವೇಂದ್ರ ಮತ್ತು ನಾನು ಇಬ್ಬರೂ ಪ್ರೋಗ್ರಾಮರುಗಳಾಗಿ ನ್ಯೂಜೆರ್ಸಿಗೆ ಬಂದೆವು. ಕೆಂಡಲ್ ಪಾರ್ಕ್‌ನಲ್ಲಿ ಒಂದು ಅಪಾರ್ಟ್‌ಮೆಂಟ್, ಇಬ್ಬರಿಗೂ ಸೇರಿ ಒಂದು ಹಳೆಯ ಕಾರು. ಎರಡಂಕಿಯಲ್ಲಿ ಬರೆದಿದ್ದ ಇಸವಿಗಳನ್ನು ನಾಲ್ಕಂಕಿ ಮಾಡುವುದು ನಮ್ಮ ಕೆಲಸ. ಕನ್ಸಲ್ಟಿಂಗ್ ಕಂಪನಿಯವರು ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗುತ್ತಿದ್ದೆವು. ಹಾಗೆ ನನ್ನನ್ನು ಆರು ವಾರದ ಮಟ್ಟಿಗೆ ಒಂದು ಹಾಕಿ ಕ್ಲಬ್ಬಿಗೆ ಕಳಿಸಿದರು, ಅವರ ಟಿಕೆಟ್ ಫೈಲುಗಳನ್ನು ಸರಿಪಡಿಸಲು. ಹಾಕಿ ಅಂದಾಗ ನನ್ನ ಕಣ್ಣೆದುರು ಬಂದದ್ದು ಹುಲ್ಲಿನ ಮೈದಾನ. ಮಂಜುಗಡ್ಡೆಯ ಮೇಲೆ ಆಡುವುದು ಎಂದು ತಿಳಿದದ್ದು ಮೊದಲ ದಿನ ಅಭ್ಯಾಸದ ರಿಂಕಿನ, ಅಂದರೆ ಮಂಜುಗಡ್ಡೆಯ ಅಂಗಳದ, ಬಾಗಿಲು ತೆಗೆದು ಚಳಿ ಹೊಡೆದಾಗ.

ನನಗೆ ಮೇಜು ಕೊಟ್ಟ ಕೋಣೆಯ ಪಕ್ಕದಲ್ಲಿ ವಿಡಿಯೊ ರೂಮು. ಅಲ್ಲಿ ಆಟಗಳ ವಿಡಿಯೊ ನೋಡಿಕೊಳ್ಳುವ ವಾಲ್ಟರ್ ಇರುತ್ತಿದ್ದರು. ಅರವತ್ತರ ಆಸುಪಾಸು, ಹಿಂದೆ ತಾವೇ ಆಡಿದವರು, ಮುಂದಿನ ಎರಡು ಹಲ್ಲು ಆಟದಲ್ಲೇ ಹೋಗಿದ್ದವು. ಗೋಡೆಯುದ್ದಕ್ಕೂ ವಿಎಚ್‌ಎಸ್ ಕ್ಯಾಸೆಟ್ಟುಗಳು. ಯಾವ ಕ್ಯಾಸೆಟ್ಟಿನಲ್ಲಿ ಎಲ್ಲಿ ಏನಿದೆ ಎಂಬುದನ್ನು ಪೆನ್ಸಿಲಿನಲ್ಲಿ ಕಾರ್ಡುಗಳ ಮೇಲೆ ಬರೆದು ಶೂ ಡಬ್ಬಿಗಳಲ್ಲಿ ತುಂಬಿದ್ದರು. ಒಂದು ದಿನ ಬಂದು, ನಮ್ಮ ಎಡಗಡೆಯ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು, ಹಿಂದಕ್ಕೆ ಓಡಿಬಂದ ಜಾಗಗಳನ್ನೆಲ್ಲ ನಿನ್ನ ಕಂಪ್ಯೂಟರ್ ಹುಡುಕಿ ಕೊಡುತ್ತದೆಯೇ ಎಂದು ಕೇಳಿದರು. ಯಾರಾದರೂ ಮೊದಲು ನೋಡಿ ಟೈಪ್ ಮಾಡಿಟ್ಟರೆ ಕೊಡುತ್ತದೆ ಎಂದೆ. ಆ ಯಾರಾದರೂ ನಾನೇ ಆದೆ. ಆರು ವಾರ ಮುಗಿದ ಮೇಲೆ ಕ್ಲಬ್ಬಿನವರು ನನ್ನ ವೀಸಾವನ್ನು ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಂಡರು.

ಮೊದಲ ತಿಂಗಳು ನನಗೆ ಪಕ್ಕೇ ಕಾಣುತ್ತಿರಲಿಲ್ಲ. ಪಕ್ ಅಂದರೆ ಚೆಂಡಿನ ಬದಲು ಬಳಸುವ ಕಪ್ಪು ರಬ್ಬರಿನ ಬಿಲ್ಲೆ. ಅದನ್ನು ಹುಡುಕಬೇಡ, ಅದು ಇಲ್ಲದವರನ್ನು ನೋಡು ಎಂದು ವಾಲ್ಟರ್ ಹೇಳಿದ್ದರು. ನಾನು ನೋಡಿದೆ, ಟೈಪ್ ಮಾಡಿದೆ, ಮೂರು ಆಟಗಳ ವಿವರವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೋಚ್ ಮೇಜಿನ ಮೇಲೆ ಇಟ್ಟೆ. ಎರಡನೆಯ ಅವಧಿಯಲ್ಲಿ ನಮ್ಮ ತಂಡ ತನ್ನ ಗೋಲಿಗೇ ಮತ್ತೆ ಮತ್ತೆ ಹೊಡೆದಂತೆ ಅದರಲ್ಲಿ ಇತ್ತು. ಪ್ರತಿ ಅವಧಿ ಮುಗಿದಾಗ ತಂಡಗಳು ಬದಿ ಬದಲಿಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ, ಯಾರಿಗೂ ಅದನ್ನು ಹೇಳಬೇಕು ಎನ್ನಿಸಿರಲಿಲ್ಲ. ವಾಲ್ಟರ್ ನಗಲಿಲ್ಲ. ಕಾಗದ ವಾಪಸ್ ತಂದುಕೊಟ್ಟು, ನಾಳೆ ಮಾಡಿಕೊಡು ಅಂದರು, ಅಷ್ಟೇ. ಆಮೇಲೆ ಹಲವರ ಕೈಕೆಳಗೆ ಕೆಲಸ ಮಾಡಿದೆ. ತಪ್ಪಾದ ಕಾಗದವನ್ನು ಹಾಗೆ ಸುಮ್ಮನೆ ವಾಪಸ್ ಕೊಡುವವರು ಮತ್ತೆ ಸಿಗಲಿಲ್ಲ.

ಈಗ ಯಾನ್‌ನ ವಿಷಯ. ಅವನು ಸ್ಲೊವಾಕಿಯಾದವನು, ನಮ್ಮ ತಂಡದ ಮುಖ್ಯ ಫಾರ್ವರ್ಡ್. ಮೂವತ್ತು ದಾಟಿದ್ದ. ಟಿಕೆಟ್ ಕೊಳ್ಳುವವರಲ್ಲಿ ಅರ್ಧ ಜನ ಅವನ ಗೋಲು ನೋಡಲೆಂದೇ ಬರುತ್ತಿದ್ದರು. ಅವನು ಹಾಕಿದ ಗೋಲುಗಳನ್ನು ಸೇರಿಸಿ ಅಂಗಡಿಯಲ್ಲಿ ಕ್ಯಾಸೆಟ್ ಮಾರುತ್ತಿದ್ದರು. ನಾನೂ ಅವನ ಗೋಲುಗಳನ್ನೇ ಶ್ರದ್ಧೆಯಿಂದ ಗುರುತು ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ವಾಲ್ಟರ್ ನನ್ನನ್ನು ಕೂಡಿಸಿ ಹಿಂದಿನ ದಿನದ ಆಟ ಹಾಕಿದರು, ದನಿ ಪೂರ್ತಿ ಆರಿಸಿ. ಎದುರು ತಂಡದ ಆಟಗಾರನೊಬ್ಬ ಪಕ್ ಕಿತ್ತುಕೊಂಡು ಓಡುತ್ತಾನೆ. ಅವನ ಜೊತೆಗಾರ ಆಚೆ ಬದಿಯಿಂದ ನಮ್ಮ ಗೋಲಿನತ್ತ ನುಗ್ಗುತ್ತಿದ್ದಾನೆ, ಅವನನ್ನು ತಡೆಯಲು ಯಾರೂ ಇಲ್ಲ. ಚಿತ್ರದ ಅಂಚಿನಿಂದ ಯಾನ್ ಬರುತ್ತಾನೆ, ರಿಂಕಿನ ಆ ತುದಿಯಿಂದ ಈ ತುದಿಗೆ. ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ಪಾಸ್ ಬಂದು ತಲುಪುವ ಆ ಕ್ಷಣಕ್ಕೆ ಸರಿಯಾಗಿ ಹಿಂದಿನಿಂದ ತನ್ನ ಕೋಲಿನ ತುದಿಯಿಂದ ಎದುರಾಳಿಯ ಕೋಲನ್ನು ಒಂದಿಷ್ಟು ಮೇಲಕ್ಕೆತ್ತುತ್ತಾನೆ. ಪಕ್ ಕೋಲಿನ ಅಡಿಯಿಂದ ಜಾರಿ ಗೋಡೆಗೆ ಹೋಗಿ ಬಡಿಯುತ್ತದೆ. ಯಾನ್ ಆಗಲೇ ತಿರುಗಿ ಹೊರಟಿರುತ್ತಾನೆ.

ಇದನ್ನು ಏನಂತ ಬರೆದಿದ್ದೀ ಎಂದು ವಾಲ್ಟರ್ ಕೇಳಿದರು. ನನ್ನ ಪಟ್ಟಿ ನೋಡಿದೆ. ಎದುರು ತಂಡ, ಪಾಸ್ ಕೈತಪ್ಪಿತು ಎಂದಿತ್ತು. ಯಾನ್‌ನ ಹೆಸರೇ ಇರಲಿಲ್ಲ. ದನಿ ಹಾಕಿ ಮತ್ತೊಮ್ಮೆ ತೋರಿಸಿದರು. ಟೀವಿ ವಿವರಣೆಗಾರನೂ ನನ್ನ ಹಾಗೇ ಹೇಳುತ್ತಿದ್ದ, ಎಂಥಾ ಅವಕಾಶ ಕಳೆದುಕೊಂಡ ಎಂದು.

"ಗೋಲು ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ," ಎಂದರು ವಾಲ್ಟರ್. "ಗೋಲು ಹಾಕುವವನು ಇಷ್ಟು ದೂರ ಹಿಂದಕ್ಕೆ ಓಡಿ ಬರುವುದು ಅಪರೂಪ. ಬಂದರೂ ಯಾರೂ ಬರೆದಿಡುವುದಿಲ್ಲ. ನೀನು ಬರೆದಿಡು."

ನಾನು ಚಿಕ್ಕಂದಿನಲ್ಲಿ ಕಬಡ್ಡಿ ಆಡಿದವಳು. ಕಾಲು ಹಿಡಿದವಳಿಗೆ ಚಪ್ಪಾಳೆ ಬೀಳುತ್ತದೆ. ಓಡುವವಳ ದಾರಿ ಮುಚ್ಚಿ ಅವಳನ್ನು ಆ ಮೂಲೆಗೆ ನೂಕಿ ತಂದವಳನ್ನು ಯಾರೂ ನೋಡುವುದಿಲ್ಲ. ಅದು ನನಗೆ ಗೊತ್ತಿದ್ದ ವಿಷಯವೇ, ಆದರೆ ಇಲ್ಲಿ ಕಂಡಿರಲಿಲ್ಲ. ಅಂದಿನಿಂದ ಹಳೆಯ ಕ್ಯಾಸೆಟ್ಟುಗಳನ್ನು ಮತ್ತೆ ತೆಗೆದೆ. ಯಾನ್ ನೇರವಾಗಿ ಎದುರಾಳಿಯ ಮೇಲೆ ಹೋಗುತ್ತಿರಲಿಲ್ಲ, ಓರೆಯಾಗಿ ಬಂದು ಅವನನ್ನು ಗೋಡೆಯ ಕಡೆಗೆ ಸರಿಸುತ್ತಿದ್ದ. ಹಿಂದೆ ನಿಂತು ಕಾಯಬೇಕಾದ ನಮ್ಮ ಡಿಫೆನ್ಸಿನವನು ಗೋಲಿಗೆ ಆಸೆಬಿದ್ದು ಮುಂದೆ ಹೋದರೆ, ಇವನು ಗೋಲಿನ ಅವಕಾಶ ಬಿಟ್ಟು ಅವನ ಜಾಗದಲ್ಲಿ ನಿಲ್ಲುತ್ತಿದ್ದ. ಪಾಸ್ ಹೋಗಬಹುದಾದ ಸಾಲಿನಲ್ಲಿ ಕೋಲನ್ನು ಮಂಜುಗಡ್ಡೆಯ ಮೇಲೆ ಚಪ್ಪಟೆಯಾಗಿ ಇಟ್ಟಿರುತ್ತಿದ್ದ, ಎದುರಾಳಿ ಅದನ್ನು ಕಂಡು ಪಾಸ್ ಕೊಡುವ ಯೋಚನೆಯನ್ನೇ ಬಿಡುತ್ತಿದ್ದ. ಇವಕ್ಕೆಲ್ಲ ನನ್ನ ಡೇಟಾಬೇಸಿನಲ್ಲಿ ಒಂದು ಹೊಸ ಕಾಲಮ್ ಮಾಡಿದೆ. ನೋಡನೋಡುತ್ತ ನನಗೆ ಅವನ ಗೋಲುಗಳಿಗಿಂತ ಇವೇ ಹೆಚ್ಚು ರುಚಿಸತೊಡಗಿದವು.

ಇಸವಿ ಎರಡು ಸಾವಿರ ಬಂತು. ಪ್ರಪಂಚವೇನೂ ನಿಂತುಹೋಗಲಿಲ್ಲ. ವೈಟುಕೆ ಕೆಲಸಗಳು ಮಾತ್ರ ಒಂದೇ ಸಲ ಮುಗಿದವು. ಬೇರೆಯವರಿಗೆಲ್ಲ ಡಾಟ್‌ಕಾಮ್ ಕಂಪನಿಗಳಲ್ಲಿ ಕೆಲಸ ಸಿಗುತ್ತಿದ್ದರೂ ಹಳೆಯ ಭಾಷೆಗಳಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ ನಮ್ಮವರನ್ನು, ರಾಘವೇಂದ್ರರನ್ನು, ಕಂಪನಿ ಬೆಂಚ್ ಮೇಲೆ ಕೂಡಿಸಿತು, ಅಂದರೆ ಪ್ರಾಜೆಕ್ಟ್ ಇಲ್ಲದೆ ಮನೆಯಲ್ಲಿ. ಪ್ರಾಜೆಕ್ಟ್ ಸಿಗದಿದ್ದರೆ ಅವರ ವೀಸಾ ಉಳಿಯುವಂತಿರಲಿಲ್ಲ. ಆಗ ಇಬ್ಬರಿಗೂ ಆಧಾರ ನನ್ನ ಕೆಲಸವೊಂದೇ.

ಆ ಚಳಿಗಾಲದಲ್ಲೇ ಯಾನ್‌ನ ಗೋಲುಗಳು ನಿಂತವು. ವಾರಗಳಾದರೂ ಒಂದೂ ಇಲ್ಲ. ಅವನ ಕಾಲ ಮುಗಿಯಿತೆಂದು ಪತ್ರಿಕೆಗಳು ಬರೆದವು. ಕ್ಲಬ್ಬಿಗೆ ಹೊಸದಾಗಿ ಬಂದಿದ್ದ ಜನರಲ್ ಮ್ಯಾನೇಜರ್ ಡೇವ್ ವ್ಯಾಪಾರದ ಕಡೆಯಿಂದ ಬಂದವನು. ಆಟ ನೋಡುವುದಕ್ಕಿಂತ ಮುದ್ರಿಸಿದ ಪಟ್ಟಿ ನೋಡುವುದು ಅವನಿಗೆ ಹೆಚ್ಚು ನಂಬಿಕೆಯ ವಿಷಯ. ಯಾವ ಯಾವ ಆಟಗಾರ ರಿಂಕಿನಲ್ಲಿದ್ದಾಗ ಎದುರಾಳಿಗಳಿಗೆ ಗೋಲು ಹಾಕುವ ಅವಕಾಶ ಎಷ್ಟು ಸಿಕ್ಕಿದೆ ಎಂದು ಪಟ್ಟಿ ಕೇಳಿದ. ಕೊಟ್ಟೆ. ಕೊಡುವಾಗ ನನಗೇ ಬೇಸರವಾಯಿತು, ಯಾಕೆಂದರೆ ಯಾನ್‌ನ ಹೆಸರು ಎಲ್ಲರಿಗಿಂತ ಕೆಳಗಿತ್ತು. ಗೋಲು ಹಾಕುತ್ತಿಲ್ಲ, ಹಾಕಿಸಿಕೊಳ್ಳುತ್ತಿದ್ದಾನೆ ಎಂದು ಡೇವ್ ಹೇಳಿದನಂತೆ. ಯಾನ್‌ನನ್ನು ದೂರದ ಇನ್ನೊಂದು ತಂಡಕ್ಕೆ ಕೊಟ್ಟು ಬದಲಿಗೆ ಇಬ್ಬರು ಎಳೆಯರನ್ನು ತರುವ ಮಾತುಕತೆ ಶುರುವಾಯಿತು. ಶುಕ್ರವಾರ ಮಧ್ಯಾಹ್ನದೊಳಗೆ ಉತ್ತರ ಕೊಡಬೇಕಿತ್ತು. ಯಾನ್‌ನ ಹೆಂಡತಿಗೆ ಆಗ ಎಂಟು ತಿಂಗಳು ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ವಾಲ್ಟರ್ ಪಟ್ಟಿಯನ್ನು ನೋಡಿ, ಇದು ಸುಳ್ಳು ಎಂದರು. ನನಗೆ ಸಿಟ್ಟು ಬಂತು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ವಾದ ಮಾಡಲಿಲ್ಲ. ಬುಧವಾರ ಬೆಳಿಗ್ಗೆ ಜನವರಿಯ ಒಂದು ಆಟ ಹಾಕಿ ನನ್ನ ಕೈಗೆ ಪೆನ್ಸಿಲ್ ಕೊಟ್ಟರು, ಇಬ್ಬರೂ ಕೈಯಿಂದಲೇ ಎಣಿಸೋಣ ಎಂದು. ಎಣಿಸಿದೆವು. ಬೇರೆ ಹೆಚ್ಚಿನವರ ಲೆಕ್ಕ ಸರಿಹೋಯಿತು, ಕೆಲವರದು ಸ್ವಲ್ಪ ತಪ್ಪಿತ್ತು. ಯಾನ್‌ನದು ಮಾತ್ರ ನನ್ನ ಪಟ್ಟಿಯಲ್ಲಿದ್ದ ಅರ್ಧಕ್ಕೂ ಬರಲಿಲ್ಲ.

ಫೈಲು ತೆರೆದು ಕೂತೆ. ಕಾರಣ ಸಿಗಲು ಒಂದು ಗಂಟೆಯೂ ಬೇಕಾಗಲಿಲ್ಲ. ತಪ್ಪು ಮಾಡಿದ ಆಟಗಾರನನ್ನು ಎರಡು ನಿಮಿಷ ಹೊರಗೆ ಕೂಡಿಸುತ್ತಾರೆ. ಆಗ ಅವನ ತಂಡ, ಗೋಲು ಕಾಯುವವನನ್ನು ಬಿಟ್ಟು, ಐವರ ಬದಲು ನಾಲ್ವರಲ್ಲೇ ಆಡಬೇಕು, ಎದುರಾಳಿಗಳು ಮುತ್ತಿಗೆ ಹಾಕುತ್ತಾರೆ. ಆ ಕಷ್ಟದ ನಿಮಿಷಗಳಲ್ಲಿ ದೊಡ್ಡ ಗೋಲುಗಾರರು ಸಾಮಾನ್ಯವಾಗಿ ಬೆಂಚಿನಲ್ಲಿ ಸುಧಾರಿಸಿಕೊಳ್ಳುತ್ತಾರೆ. ಯಾನ್ ಕೇಳಿ ಪಡೆದು, ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದ. ಆ ನಿಮಿಷಗಳನ್ನು ಲೆಕ್ಕದಿಂದ ಬೇರೆ ಇಡಲು ನಾನು ಒಂದು ಗುರುತು ಹಾಕುತ್ತಿದ್ದೆ. ಹೊಸ ವರ್ಷಕ್ಕೆಂದು ನನ್ನ ಫೈಲಿನಲ್ಲೂ ಇಸವಿಯನ್ನು ಎರಡಂಕಿಯಿಂದ ನಾಲ್ಕಂಕಿಗೆ ಹಿಗ್ಗಿಸಿದ್ದೆ. ಅದರಿಂದ ಮುಂದಿನದೆಲ್ಲ ಎರಡು ಸ್ಥಾನ ಸರಿದಿತ್ತು. ಪಟ್ಟಿ ಮಾಡುವ ಪ್ರೋಗ್ರಾಮ್ ಮಾತ್ರ ಗುರುತನ್ನು ಹಳೆಯ ಜಾಗದಲ್ಲೇ ಹುಡುಕುತ್ತಿತ್ತು. ಅಲ್ಲಿ ಖಾಲಿ. ಹಾಗಾಗಿ ನಾಲ್ವರು ಐವರನ್ನು ತಡೆದ ನಿಮಿಷಗಳೆಲ್ಲ ಮಾಮೂಲಿ ನಿಮಿಷಗಳಾಗಿ ಸೇರಿಕೊಂಡಿದ್ದವು. ಎರಡು ವರ್ಷ ಊರಿನವರ ವೈಟುಕೆ ತಪ್ಪುಗಳನ್ನು ತಿದ್ದಿದವಳು ನಾನು. ನನ್ನದೇ ಒಂದನ್ನು ಬಿಟ್ಟಿದ್ದೆ. ವಾಲ್ಟರ್ ಅಷ್ಟರಲ್ಲಿ ಅಭ್ಯಾಸಕ್ಕೆ ಹೋಗಿದ್ದರು. ನಾನು ಯಾರಿಗೂ ಹೇಳದೆ ಟರ್ನ್‌ಪೈಕ್ ಹೆದ್ದಾರಿ ಹಿಡಿದು ಮನೆಗೆ ಬಂದೆ.

ನಮ್ಮವರು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ಬೆಂಚ್ ಮೇಲೆ ಕೂತ ಮೇಲೆ ಕಲಿತದ್ದು.

"ತಪ್ಪು ನಂದೇ ಅದ ರೀ," ಎಂದೆ. "ಅವನ್ನ ತಗದುಹಾಕೂದು ನನ್ನ ಪಟ್ಟಿ ನೋಡಿನ."

ಪೂರ್ತಿ ಕೇಳಿಸಿಕೊಂಡು, ಇದು ಬೇರೆ ಯಾರಿಗಾದರೂ ಗೊತ್ತೇ ಎಂದರು. ಇಲ್ಲ ಎಂದೆ. ಲಟ್ಟಣಿಗೆ ಕೆಳಗಿಟ್ಟರು.

"ಸೋಮವಾರ ನನ್ನ ಇಂಟರ್‌ವ್ಯೂ ಅದ. ಅದೊಂದು ಆಗಲಿ, ಆಮ್ಯಾಲೆ ಹೇಳಿದ್ರ ನಡಿಯೂದಿಲ್ಲೇನು?"

"ಶುಕ್ರವಾರಕ್ಕ ಅವ ಹೋಗಿಬಿಟ್ಟಿರ್ತಾನ."

ಅವರು ಕೇಳಿದ್ದು ಅನ್ಯಾಯವೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನನ್ನ ಕೆಲಸ ಹೋದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕಿತ್ತು. ಕೊನೆಗೆ, "ನಾಳೆ ಮುಂಜಾನೆನ ಹೋಗಿ ಹೇಳಿಬಿಡು. ಕಾರ್ ನೀನ ಒಯ್ಯಿ," ಎಂದು ಮತ್ತೆ ಲಟ್ಟಿಸತೊಡಗಿದರು.

ಗುರುವಾರ ಮೊದಲು ವಾಲ್ಟರ್‌ಗೆ ಹೇಳಿದೆ. ಅವರು ಬೈಯುತ್ತಾರೆಂದು ನಿಂತಿದ್ದೆ. ಅವರ ಮುಖ ಅರಳಿತು. ಯಾನ್ ಇನ್ನೂ ಮೊದಲಿನವನೇ, ನನಗೆ ಗೊತ್ತಿತ್ತು ಎಂದು ಎರಡು ಸಲ ಅಂದರು. ಇಬ್ಬರೂ ಕೂಡಿ ಡೇವ್‌ನ ಕೋಣೆಗೆ ಹೋದೆವು. ಪಟ್ಟಿ ತಪ್ಪು, ತಪ್ಪು ನನ್ನದು, ಸರಿಪಡಿಸಿದ್ದು ಇಲ್ಲಿದೆ ಎಂದು ಹೊಸ ಕಾಗದ ಮುಂದಿಟ್ಟೆ. ತಳದಲ್ಲಿದ್ದ ಯಾನ್‌ನ ಹೆಸರು ಅದರಲ್ಲಿ ಮೇಲಿನಿಂದ ಎರಡನೆಯದು.

ಡೇವ್ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದ.

"ಹೋದ ವಾರದ ಕಾಗದವನ್ನೂ ನೀನೇ ಸರಿ ಅಂದೆ," ಎಂದ. "ಇದನ್ನು ನಾನು ಯಾಕೆ ನಂಬಲಿ?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ನಂಬಬೇಡಿ, ನಾಳೆ ಬೆಳಿಗ್ಗೆ ಹತ್ತು ನಿಮಿಷ ಕೊಡಿ, ಕಣ್ಣಲ್ಲಿ ನೋಡಿ ಎಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಅವನು ಗಡಿಯಾರ ನೋಡಿ, ಒಂಬತ್ತಕ್ಕೆ ಅಂದ.

ಆ ದಿನವಿಡೀ ವಾಲ್ಟರ್ ಮತ್ತು ನಾನು ಎರಡು ವಿಸಿಆರ್ ಜೋಡಿಸಿಕೊಂಡು ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದೆವು. ನನ್ನ ಹೊಸ ಕಾಲಮ್ ಆಗ ಕೆಲಸಕ್ಕೆ ಬಂತು. ಯಾವ ಕ್ಯಾಸೆಟ್, ಯಾವ ನಿಮಿಷ ಎಂದು ನಾನು ಓದುವುದು, ಅವರು ತಿರುವಿ ತಂದು ನಿಲ್ಲಿಸುವುದು. ಗೋಲುಗಳನ್ನು ಒಂದೂ ಸೇರಿಸಲಿಲ್ಲ. ಕೋಲು ಎತ್ತಿದ್ದು, ದಾರಿ ಮುಚ್ಚಿದ್ದು, ಬೇರೆಯವನ ಜಾಗದಲ್ಲಿ ಹೋಗಿ ನಿಂತದ್ದು, ಒಬ್ಬ ಕಡಿಮೆ ಇದ್ದಾಗ ಹೊಡೆತಕ್ಕೆ ಮೈಯೊಡ್ಡಿ ಬಿದ್ದು ಎದ್ದದ್ದು, ಬರೀ ಇವೇ.

ಶುಕ್ರವಾರ ಡೇವ್ ಬಂದ, ಜೊತೆಗೆ ಹೆಡ್ ಕೋಚ್. ಕೋಣೆ ಚಿಕ್ಕದು, ನಾನು ಬಾಗಿಲ ಬಳಿ ನಿಂತೆ. ಮೊದಲ ಕೆಲವು ತುಣುಕುಗಳಲ್ಲಿ ಡೇವ್ ಪಕ್ಕನ್ನೇ ನೋಡುತ್ತಿದ್ದಾನೆಂದು ಅವನ ಕಣ್ಣು ಓಡುವುದರಲ್ಲೇ ತಿಳಿಯುತ್ತಿತ್ತು. ಇದರಲ್ಲೇನಿದೆ, ಅವನು ಇಲ್ಲೇ ಇಲ್ಲವಲ್ಲ ಎಂದ. ವಾಲ್ಟರ್ ಎದ್ದು ಪರದೆಯ ಮೇಲೆ ಬೆರಳಿಟ್ಟು, ಅಂಚಿನಿಂದ ಬರುವ ಯಾನ್‌ನನ್ನು ತೋರಿಸುತ್ತ ಬೆರಳನ್ನು ಅವನ ಜೊತೆಯಲ್ಲೇ ಸರಿಸಿದರು. ಕೋಲೆತ್ತುವ ತುಣುಕು ಬಂದಾಗ ಡೇವ್ ಮುಂದಕ್ಕೆ ಬಾಗಿದ.

"ಅದನ್ನು ಮತ್ತೆ ಹಾಕಿ."

ಹಾಕಿದೆವು. ಮತ್ತೊಮ್ಮೆ ಎಂದ. ಮೂರನೆಯ ಸಲ ನೋಡಿ ಕೋಚ್ ಕಡೆಗೆ ತಿರುಗಿ, ಇವನು ದಿನಾ ಹೀಗೇ ಆಡುತ್ತಾನೆಯೇ ಎಂದು ಕೇಳಿದ. ದಿನಾ, ಅದಕ್ಕೇ ಗೋಲು ಹಾಕಲು ಅವನ ಕಾಲಲ್ಲಿ ಕಸುವು ಉಳಿಯುತ್ತಿಲ್ಲ, ಅಷ್ಟು ಕೆಲಸ ಅವನ ಮೇಲೆ ಹೊರಿಸಿದ್ದು ನಾನು ಎಂದರು ಕೋಚ್. ಅದನ್ನು ಮೊದಲೇ ಯಾಕೆ ಹೇಳಲಿಲ್ಲವೋ, ಕೇಳುವ ಜಾಗ ನನ್ನದಾಗಿರಲಿಲ್ಲ. ಡೇವ್ ಪಕ್ಕದ ಕೋಣೆಗೆ ಹೋಗಿ ಫೋನ್ ಎತ್ತಿದ. ಬಾಗಿಲು ತೆರೆದೇ ಇತ್ತು. ಬೇಡ, ನಾವು ಅವನನ್ನು ಇಟ್ಟುಕೊಳ್ಳುತ್ತೇವೆ ಎಂದದ್ದು ನಮಗೆಲ್ಲ ಕೇಳಿಸಿತು.

ವಾಪಸ್ ಬರುವಾಗ ನನ್ನ ಮುಂದೆ ನಿಂತ. ನನ್ನ ವಿಷಯವೂ ಈಗಲೇ ಮುಗಿಯುತ್ತದೆ ಎಂದುಕೊಂಡೆ.

"ಇನ್ನು ಮೇಲೆ ಬರೀ ಕಾಗದ ಕಳಿಸಬೇಡ," ಎಂದ. "ಕಾಗದದ ಜೊತೆ ಟೇಪೂ ಬರಬೇಕು."

ಇನ್ನು ಮೇಲೆ ಅಂದನಲ್ಲ, ಆ ಎರಡು ಪದ ಸಾಕಾಯಿತು. ಲಾಬಿಯಲ್ಲಿದ್ದ ಪೇ ಫೋನಿಗೆ ನಾಣ್ಯ ಹಾಕಿ ಮನೆಗೆ ಮಾಡಿದೆ.

"ಹೋಗಿಲ್ಲ," ಎಂದೆ.

"ಯಾವದು? ನಿನ್ನ ನೌಕರಿನೋ, ಅವನೋ?"

"ಎರಡೂ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಬರುವಾಗ ಹಾಲು ತಗೊಂಡು ಬಾ ಎಂದು ಹೇಳಿ ಇಟ್ಟರು. ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. ಪಾರ್ಕಿಂಗ್ ಲಾಟಿನಲ್ಲಿ ಹಿಮ ಗುಡಿಸುತ್ತಿದ್ದವನು ಕಿಟಕಿ ತಟ್ಟಿ ಬ್ಯಾಟರಿ ಹೋಗಿದೆಯೇ ಎಂದು ಕೇಳಿದ. ಸೋಮವಾರದ ಇಂಟರ್‌ವ್ಯೂನಲ್ಲಿ ನಮ್ಮವರಿಗೆ ಕೆಲಸವಾಗಲಿಲ್ಲ, ಮುಂದಿನ ತಿಂಗಳ ಇನ್ನೊಂದರಲ್ಲಿ ಆಯಿತು, ಹಿಲ್ಸ್‌ಬರೋ ಕಡೆ.

ನೇಹಾ, ಈಗ ನಿಮಗೆ ಛಾವಣಿಯ ಕ್ಯಾಮೆರಾಗಳೇ ಪ್ರತಿಯೊಬ್ಬನ ಓಟವನ್ನೂ ಅಳೆದು ಕೊಡುತ್ತವೆ. ನನ್ನ ಕೊನೆಯ ವರ್ಷಗಳಲ್ಲಿ ನಾನೂ ಅವುಗಳ ಜೊತೆ ಕೆಲಸ ಮಾಡಿದೆ, ಚೆನ್ನಾಗಿಯೇ ಇವೆ. ಆದರೂ ಪಟ್ಟಿಯ ತಳದಲ್ಲಿ ಯಾರ ಹೆಸರಾದರೂ ಬಂದರೆ, ಒಂದು ಆಟವನ್ನು ಕೈಯಿಂದ ಎಣಿಸದೆ ನಾನು ಕಳಿಸುತ್ತಿರಲಿಲ್ಲ. ಎಳೆಯ ಸಹೋದ್ಯೋಗಿಗಳು ಹಿಂದಿನಿಂದ ನಗುತ್ತಿದ್ದರು. ಎರಡು ಸಲ ತಪ್ಪು ಸಿಕ್ಕಿತು.

ಆ ಶುಕ್ರವಾರದ ನಂತರ ಯಾನ್‌ಗೆ ವಾಲ್ಟರ್ ಎಲ್ಲ ಹೇಳಿದ್ದರೆಂದು ತೋರುತ್ತದೆ. ಒಂದು ಮಧ್ಯಾಹ್ನ ವಿಡಿಯೊ ರೂಮಿಗೆ ಬಂದು, ಆ ಟೇಪಿನ ಒಂದು ಪ್ರತಿ ಬೇಕು, ಊರಲ್ಲಿರುವ ಅಮ್ಮನಿಗೆ ಕಳಿಸಬೇಕು ಎಂದ. ಈ ವರ್ಷ ಗೋಲು ಯಾಕಿಲ್ಲ ಎಂದು ಅವಳು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದಳಂತೆ. ಅವನ ಮೇಲೆ ನಾನು ಏನು ತಂದಿದ್ದೆ ಎಂಬುದನ್ನು ಹೇಳಿ ಕ್ಷಮೆ ಕೇಳಿದೆ. ಅವನು ತಲೆಯಾಡಿಸಿ, ನಾನೂ ಈ ವರ್ಷ ಎಷ್ಟೋ ಗೋಲು ತಪ್ಪಿಸಿಕೊಂಡಿದ್ದೇನೆ ಎಂದ. ಇಲ್ಲಿನ ಟೇಪು ಅಲ್ಲಿನ ಯಂತ್ರದಲ್ಲಿ ಓಡುವುದಿಲ್ಲ. ಓಕ್ ಟ್ರೀ ರೋಡಿನಲ್ಲಿ ನಮ್ಮ ದೇಶದವರ ಮದುವೆ ವಿಡಿಯೊಗಳನ್ನು ಊರಿಗೆ ಕಳಿಸಲು ಬದಲಿಸಿಕೊಡುವ ಅಂಗಡಿಯಿತ್ತು, ಅಲ್ಲಿ ಮಾಡಿಸಿಕೊಟ್ಟೆ. ಅಂಗಡಿಯವನು ಅರ್ಧ ನೋಡಿ, ಇದರಲ್ಲಿ ಮದುಮಗ ಯಾರು ಎಂದು ಕೇಳಿದ.

ಮೂರು ವಾರ ಬಿಟ್ಟು ಯಾನ್ ಮತ್ತೆ ಬಂದ. ಮಗಳು ಹುಟ್ಟಿದ್ದಳು, ಚಾಕೊಲೇಟ್ ಡಬ್ಬಿ ತಂದಿದ್ದ. ಅಮ್ಮ ಟೇಪು ನೋಡಿದರೇ ಎಂದು ಕೇಳಿದೆ.

"ಎರಡು ಸಲ ನೋಡಿದಳು," ಎಂದ. "ಪಾಪ, ಇಷ್ಟೊಂದು ಓಡಿಸುತ್ತಾರೆ, ಪಕ್ ಮಾತ್ರ ನಿನಗೆ ಯಾರೂ ಕೊಡುವುದಿಲ್ಲವಲ್ಲ ಎಂದು ಅತ್ತಳು."

ವಾಲ್ಟರ್ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಯಾನ್ ತಾನೂ ನಕ್ಕು, ಅವಳಿಗೆ ಸಮಾಧಾನವಾಗಲಿ, ಈ ವರ್ಷದ ಗೋಲುಗಳದ್ದೂ ಒಂದು ಟೇಪು ಮಾಡಿಕೊಡುತ್ತೀರಾ, ಇರುವುದೇ ಬೆರಳೆಣಿಕೆಯಷ್ಟು, ನಿಮಗೇನೂ ಹೆಚ್ಚು ಕೆಲಸ ಆಗುವುದಿಲ್ಲ ಎಂದ. ಅವನು ಅಲ್ಲೇ ನಿಂತು ಚಾಕೊಲೇಟ್ ತಿನ್ನುತ್ತಿರುವಾಗಲೇ ಮಾಡಿ ಮುಗಿಸಿ ಕೈಗೆ ಕೊಟ್ಟೆ.